ಗ್ರೀವಿಯಸ್ ಹರ್ಟ್: ವೂಂಡ್ ಸರ್ಟಿಫಿಕೇಟನ್ನು ನಾನು ಓದುವ ಬಗೆ

ಹೊಡೆದಾಟದ ಕೇಸು ಹಿಡಿದು ಬರುವವರು ಮೊದಲು ಹೇಳುವುದು ರಕ್ತದ ಮಾತು. "ಸಾರ್, ಅಂಗಿಯೆಲ್ಲ ತೊಯ್ದು ಹೋಗಿತ್ತು, ಏಳು ಹೊಲಿಗೆ ಹಾಕಿದ್ದಾರೆ. ಇದು ಗ್ರೀವಿಯಸ್ ಅಲ್ವಾ?" ಅವರ ನೋವು ನಿಜ. ಆದರೆ ‘ಗ್ರೀವಿಯಸ್ ಹರ್ಟ್’ (ತೀವ್ರ ಸ್ವರೂಪದ ಗಾಯ) ಅನ್ನುವುದನ್ನು ಕಾನೂನು ಹೊಲಿಗೆ ಎಣಿಸಿ ಅಳೆಯುವುದಿಲ್ಲ. ಅದಕ್ಕೊಂದು ಪಟ್ಟಿಯಿದೆ. ಹಳೆಯ ದಂಡ ಸಂಹಿತೆ ಐಪಿಸಿಯಲ್ಲಿ 320ನೇ ಕಲಂ, ಈಗ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್‌ನಲ್ಲಿ 116. ಎಂಟೇ ಬಗೆ: ಕಣ್ಣೋ ಕಿವಿಯೋ ಕಾಯಂ ಹೋಗುವುದು, ಮುಖ ಕಾಯಂ ವಿಕಾರವಾಗುವುದು, ಮೂಳೆ ಅಥವಾ ಹಲ್ಲು ಮುರಿಯುವುದು ಇಲ್ಲವೇ ಜಾಗ ತಪ್ಪುವುದು, ಹೀಗೆ.

ಹಾಗಾಗಿ ಗಾಯಗಳನ್ನು ನೋಡಿ ಡಾಕ್ಟರು ಬರೆದುಕೊಡುವ ವೂಂಡ್ ಸರ್ಟಿಫಿಕೇಟಿನ ಕೊನೆಯ ಸಾಲು ನೋಡಿ ನಾನು ಸುಮ್ಮನಾಗುವುದಿಲ್ಲ. ‘ಸಿಂಪಲ್’ (ಸಾದಾ ಗಾಯ) ಅನ್ನುವುದು ಡಾಕ್ಟರ ಅಭಿಪ್ರಾಯ, ತೀರ್ಮಾನ ಕೋರ್ಟಿನದು. ಒಂದೊಂದು ಗಾಯವನ್ನೂ ಪಟ್ಟಿಗೆ ತಾಳೆ ಹಾಕುತ್ತೇನೆ. ಹೊಲದ ಬದುವಿನ ಜಗಳ, ಮುಷ್ಟಿಯಿಂದ ಗುದ್ದಿದ ಕೇಸು ಒಂದಿತ್ತು. ಹುಬ್ಬಿನ ಸೀಳಿನ ಬಗ್ಗೆ ಉದ್ದಕ್ಕೆ ಬರೆದಿತ್ತು. ಕೆಳಗೆ ಒಂದೇ ಸಾಲು: ಮೇಲಿನ ಮುಂದಿನ ಹಲ್ಲು ಅಲುಗಾಡುತ್ತಿದೆ. ಕಕ್ಷಿದಾರರಿಗೆ ಹುಬ್ಬಿನದೇ ಚಿಂತೆ. "ಯಜಮಾನ್ರೆ, ಇವತ್ತೇ ಹಲ್ಲಿನ ಡಾಕ್ಟರ ಹತ್ರ ಹೋಗಿ ಎಕ್ಸ್‌ರೇ ತೆಗೆಸಿ" ಅಂದೆ. ಹಲ್ಲು ಬುಡದಿಂದ ಜರುಗಿದೆ ಅಂತ ವರದಿ ಬಂತು. ಏಟು ಬೀಳುವ ಮೊದಲೇ ಹುಳುಕಾಗಿ ಸಡಿಲವಿತ್ತು ಅಂತ ಎದುರಿನ ವಕೀಲರು ಕೇಳಿಯೇ ಕೇಳುತ್ತಾರೆ. ಅದಕ್ಕೂ ಆ ವರದಿಯಲ್ಲೇ ಉತ್ತರ ಇರಬೇಕು.

ಆ ಒಂದು ಹಲ್ಲಿಂದ ಕೇಸಿನ ತೂಕವೇ ಬದಲಾಯಿತು. ಬರಿಗೈಯಲ್ಲಿ ಮಾಡಿದ ಸಾದಾ ಗಾಯಕ್ಕೆ ಹೆಚ್ಚೆಂದರೆ 1 ವರ್ಷ ಜೈಲು, ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಗ್ರೀವಿಯಸ್ ಆದರೆ 7 ವರ್ಷದವರೆಗೆ, ನೇರ ಎಫ್‌ಐಆರ್.

ಮೂಳೆಯೂ ಎರಡು ತುಂಡಾಗಬೇಕಿಲ್ಲ. ಬಿರುಕು ಬಿಟ್ಟರೂ ಸಾಕು ಅಂತ ಹೋರಿಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಜಾಸ್ತಿ ತಕರಾರು ಬರುವುದು ಎಂಟನೆಯದರಲ್ಲಿ. ಜೀವಕ್ಕೆ ಅಪಾಯ ತಂದ ಗಾಯ, ಇಲ್ಲವೇ ಇಂತಿಷ್ಟು ದಿನ ತೀವ್ರ ನೋವು ಕೊಟ್ಟ ಅಥವಾ ದಿನದ ಕೆಲಸ ಮಾಡಲು ಬಿಡದ ಗಾಯ. ಐಪಿಸಿಯಲ್ಲಿ ಅದು 20 ದಿನ, ಬಿಎನ್‌ಎಸ್‌ನಲ್ಲಿ 15. ಹೊಸ ಕಾನೂನು ಬಂದದ್ದು 2024ರ ಜುಲೈ 1ಕ್ಕೆ, ಆದ್ದರಿಂದ ಹೊಡೆದಾಟ ಯಾವತ್ತು ನಡೆಯಿತು ಅಂತ ಮೊದಲು ಕೇಳುತ್ತೇನೆ. ಆಸ್ಪತ್ರೆಯಲ್ಲಿ ಮಲಗಿದ್ದ ದಿನ ಎಣಿಸಿದರೆ ಸಾಲದು. ಅಷ್ಟು ದಿನ ತೀವ್ರ ನೋವಿತ್ತು ಇಲ್ಲವೇ ಕೆಲಸಕ್ಕೆ ಹೋಗಲಾಗಲಿಲ್ಲ ಅನ್ನುವುದಕ್ಕೆ ಸಾಕ್ಷಿ ಬೇಕು. ಓಪಿಡಿ ಚೀಟಿ, ಮಾತ್ರೆಯ ಬಿಲ್ಲು ಯಾವುದನ್ನೂ ಬಿಸಾಡಬೇಡಿ ಅನ್ನುತ್ತೇನೆ. ಫ್ಯಾಕ್ಟರಿಯವರಾದರೆ ಹಾಜರಿ ಪುಸ್ತಕ ಸಿಗುತ್ತದೆ. ಗಾರೆ ಕೆಲಸದವರಿಗೆ ಅಂಥ ದಾಖಲೆ ಎಲ್ಲಿಂದ ಬರಬೇಕು? ಅವರ ಮೇಸ್ತ್ರಿಯ ಹೇಳಿಕೆಯನ್ನೂ ಬರೆದುಕೊಳ್ಳಿ ಅಂತ ತನಿಖಾಧಿಕಾರಿಗೆ ಅರ್ಜಿ ಕೊಡಿಸುತ್ತೇನೆ.