ರಿಟರ್ನ್ ದಿನಾಂಕಗಳನ್ನು ಟರ್ಮಿನಲ್‌ನಲ್ಲಿ ಇಟ್ಟುಕೊಂಡ ಬಗೆ

ಬಳ್ಳಾರಿಯಲ್ಲಿ ನಾನು ಸಣ್ಣ ವ್ಯಾಪಾರಿಗಳ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೆಲಸ ಮಾಡುತ್ತೇನೆ. ಜೀನ್ಸ್ ಹೊಲಿಸುವವರು, ಒಣಮೆಣಸಿನಕಾಯಿ ದಲಾಲರು, ಹಾರ್ಡ್‌ವೇರ್ ಅಂಗಡಿಯವರು ಸೇರಿ ಸುಮಾರು ಅರವತ್ತು ಖಾತೆಗಳು ನನ್ನ ಬಳಿ ಇವೆ. ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ರಿಟರ್ನ್‌ನ ಗಡುವು ಮುಂದಿನ ತಿಂಗಳ 11, ತೆರಿಗೆ ಕಟ್ಟುವ 3ಬಿ ರಿಟರ್ನ್‌ನದು 20. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರದೆ ತ್ರೈಮಾಸಿಕ ಪದ್ಧತಿಯನ್ನು ಆರಿಸಿಕೊಂಡ ಕರ್ನಾಟಕದವರಿಗೆ 13 ಮತ್ತು 22. ಗೋಡೆಯ ಕ್ಯಾಲೆಂಡರಿನಲ್ಲಿ ಗುಂಡು ಸುತ್ತಿ ನಿಭಾಯಿಸುತ್ತಿದ್ದ ಈ ಲೆಕ್ಕವನ್ನು ನಾಲ್ಕು ವರ್ಷಗಳಿಂದ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆ ಹಾಕಿದ ಹಳೆಯ ಲ್ಯಾಪ್‌ಟಾಪಿನ ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆಗಳನ್ನು ಬೆರಳಚ್ಚಿಸಿ ಕೆಲಸ ಮಾಡಿಸುವ ಕಮಾಂಡ್ ಲೈನ್‌ನಲ್ಲಿ ಇಟ್ಟುಕೊಂಡಿದ್ದೇನೆ.

ಮೊದಲು ಟಾಸ್ಕ್‌ವಾರಿಯರ್ ಎಂಬ ಕೆಲಸಪಟ್ಟಿಯ ತಂತ್ರಾಂಶ ಬಳಸಿದೆ. ಗಡುವು, ಆದ್ಯತೆ, ಕೆಲಸ ಎಷ್ಟು ಹಳೆಯದು ಎಂಬುದನ್ನೆಲ್ಲ ಕೂಡಿಸಿ ಅದು ಪ್ರತಿಯೊಂದು ಕೆಲಸಕ್ಕೂ ತುರ್ತಿನ ಅಂಕ ಕೊಡುತ್ತದೆ. ಒಳ್ಳೆಯ ಸಾಧನವೇ, ಆದರೆ ನಲವತ್ತು ಜನರ ಗಡುವು ಒಂದೇ ದಿನ ಬೀಳುವ ನನ್ನ ಕಸುಬಿನಲ್ಲಿ ಆ ಅಂಕದಿಂದ ತಿಳಿಯುವುದು ಏನೂ ಇರಲಿಲ್ಲ. ಹಾಗಾಗಿ ಅದನ್ನು ಬಿಟ್ಟು, ಒಂದು ಕೆಲಸಕ್ಕೆ ಒಂದು ಸಾಲು ಎಂಬ ಲೆಕ್ಕದಲ್ಲಿ ಸಾದಾ ಪಠ್ಯ ಕಡತವೊಂದನ್ನು ಆರಂಭಿಸಿದೆ. ಮುಗಿದ ಕೆಲಸದ ಸಾಲಿನ ಮೊದಲಿಗೆ ಎಕ್ಸ್ ಅಕ್ಷರ ಹಾಕುವ ಕ್ರಮವನ್ನು ಟೂಡೂ ಡಾಟ್ ಟಿಎಕ್ಸ್‌ಟಿ ಎಂಬ ಪ್ರಸಿದ್ಧ ನಮೂನೆಯಿಂದ ತೆಗೆದುಕೊಂಡೆ.

ಬಾಕಿ ಸಾಲಿನಲ್ಲಿ ಮೊದಲು ಬರುವುದು ದಿನಾಂಕ, ಅದೂ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ. ನಮ್ಮ ರೂಢಿಯಂತೆ ದಿನವನ್ನು ಮೊದಲು ಬರೆದರೆ ಸಾಲುಗಳನ್ನು ಕ್ರಮವಾಗಿ ಜೋಡಿಸುವ ಸಾರ್ಟ್ ಆಜ್ಞೆಯು ಡಿಸೆಂಬರ್ 1ನ್ನು ಜನವರಿ 2ಕ್ಕಿಂತ ಮೇಲೆ ಕೂರಿಸುತ್ತದೆ. ವರ್ಷ ಮುಂದಿದ್ದರೆ ಅಕ್ಷರಕ್ರಮವೇ ಕಾಲಕ್ರಮವೂ ಆಗುತ್ತದೆ. ಕನ್ನಡ ಅಂಕಿಗಳ ಮೇಲೆ ನನಗೆ ಅಭಿಮಾನವಿದ್ದರೂ ಎರಡು ಬಗೆಯ ಅಂಕಿಗಳು ಬೆರೆತರೆ ಈ ಕ್ರಮ ಕೆಡುವುದರಿಂದ ಅವನ್ನು ಇಲ್ಲಿ ಬಳಸಲಿಲ್ಲ. ದಿನಾಂಕದ ನಂತರ ವ್ಯಾಪಾರಿಯ ಹೆಸರು, ಆಮೇಲೆ ಕೆಲಸದ ವಿವರ. ಪ್ರತಿ ತಿಂಗಳು ಅರವತ್ತು ಜನರ ಸಾಲುಗಳನ್ನು ಕೈಯಿಂದ ಬರೆಯುವುದು ಆಗದ ಮಾತು. ಒಂದನೇ ತಾರೀಖಿನ ನಸುಕಿಗೆ ಅವು ತಾನಾಗಿ ಸೇರಲೆಂದು ನಿಗದಿತ ಹೊತ್ತಿಗೆ ಆಜ್ಞೆ ನಡೆಸುವ ಕ್ರಾನ್‌ಗೆ ಹೇಳಿ ನೋಡಿದೆ, ಆದರೆ ಆ ಹೊತ್ತಿನಲ್ಲಿ ಲ್ಯಾಪ್‌ಟಾಪ್ ಆರಿಸಿದ್ದರೆ ಕ್ರಾನ್ ಆ ಸರದಿಯನ್ನು ಬಿಟ್ಟೇಬಿಡುತ್ತದೆ. ಈಗ ನಾನು ಟರ್ಮಿನಲ್ ತೆರೆದಾಗಲೆಲ್ಲ ಒಂದು ಚಿಕ್ಕ ಸ್ಕ್ರಿಪ್ಟ್ (ಆಜ್ಞೆಗಳನ್ನು ಬರೆದಿಟ್ಟ ಕಡತ) ಈ ತಿಂಗಳ ಸಾಲುಗಳು ಇವೆಯೇ ಎಂದು ನೋಡಿ, ಇಲ್ಲದಿದ್ದರೆ ಖಾತೆದಾರರ ಪಟ್ಟಿಯಿಂದ ತಯಾರಿಸಿ ಸೇರಿಸುತ್ತದೆ.

ಇಷ್ಟಾದ ಮೇಲೆ ಎಲ್ಲ ಸರಿಯಾಯಿತೆಂದುಕೊಂಡಿದ್ದೆ. ಒಂದು ತಿಂಗಳ 19ರಂದು ವ್ಯಾಪಾರಿಯೊಬ್ಬರು ಫೋನ್ ಮಾಡಿ, 'ಸರ್, ನಮ್ದು ರಿಟರ್ನ್ ಹಾಕೀರೇನ್ರಿ?' ಎಂದು ಕೇಳಿದರು. ಬಾಕಿ ಸಾಲುಗಳಲ್ಲಿ ಅವರ ಹೆಸರನ್ನು ಗ್ರೆಪ್ ಎಂಬ ಹುಡುಕುವ ಆಜ್ಞೆಯಿಂದ ಹುಡುಕಿದೆ. ಒಂದು ಸಾಲೂ ಬರಲಿಲ್ಲ. ಬಾಕಿ ಇಲ್ಲವೆಂದರೆ ಮುಗಿದಿದೆ ಎಂದು ತಿಳಿದು, 'ಆಗೇದ್ರಿ' ಎಂದುಬಿಟ್ಟೆ. ಆಗಿರಲಿಲ್ಲ. ಆರು ದಿನ ತಡವಾಗಿ ಸಲ್ಲಿಸಿದ್ದಕ್ಕೆ ದಿನಕ್ಕೆ 50 ರೂಪಾಯಿಯಂತೆ 300 ರೂಪಾಯಿ ದಂಡ, ಅದರ ಮೇಲೆ ತೆರಿಗೆಯ ಬಡ್ಡಿ. ಎರಡನ್ನೂ ನಾನೇ ಕಟ್ಟಿದೆ. ಹಣಕ್ಕಿಂತ, ಕೇಳಿದವರಿಗೆ ತಪ್ಪು ಹೇಳಿದೆನಲ್ಲ ಎಂಬುದು ಹೆಚ್ಚು ಚುಚ್ಚಿತು.

ಕಾರಣ ಸಿಗಲು ಎರಡು ಸಂಜೆ ಹಿಡಿದವು. ಅವರ ಹೆಸರಿನಲ್ಲಿ 'ಲೋ' ಎಂಬ ಅಕ್ಷರವಿತ್ತು. ಅಕ್ಷರಗಳಿಗೆ ಸಂಖ್ಯಾ ಸಂಕೇತ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ಆ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು. ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘ ಎಂದು ಮೂರು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ತೆರನಾಗಿ ಕಾಣುತ್ತವೆ, ಆದರೆ ಬೈಟುಗಳನ್ನು ಹೋಲಿಸುವ ಗ್ರೆಪ್‌ಗೆ ಅವು ಬೇರೆ ಬೇರೆ ಪದಗಳು. ನನ್ನ ಖಾತೆದಾರರ ಪಟ್ಟಿ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಕಡತದಿಂದ ಪರಿವರ್ತಿಸಿ ತಂದದ್ದಾಗಿತ್ತು, ಹುಡುಕಾಟದ ಪದವನ್ನು ಮಾತ್ರ ನಾನು ಆ ಹೊತ್ತಿಗೆ ಕೀಲಿಮಣೆಯಿಂದ ಒತ್ತುತ್ತಿದ್ದೆ, ಹಾಗಾಗಿ ಆ ಚಿಹ್ನೆ ಎರಡೂ ಕಡೆ ಬೇರೆ ಬೇರೆ ರೂಪದಲ್ಲಿತ್ತು.

ಯೂನಿಕೋಡ್ ಪಠ್ಯಕ್ಕಾಗಿ ಇರುವ ಐಸಿಯು ಎಂಬ ತಂತ್ರಾಂಶ ಗ್ರಂಥಾಲಯದ ಜೊತೆ ಬರುವ ಯುಕಾನ್ವ್ ಎಂಬ ಆಜ್ಞೆಯಿಂದ ಎಲ್ಲ ಕಡತಗಳನ್ನೂ ಇಂಥ ಚಿಹ್ನೆಯನ್ನು ಒಂದೇ ಸಂಕೇತವಾಗಿ ಕೂಡಿಸುವ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತಂದೆ. ಹೊಸದಾಗಿ ಸೇರುವ ಪ್ರತಿಯೊಂದು ಸಾಲೂ ಈಗ ಅದರ ಮೂಲಕವೇ ಹಾಯುತ್ತದೆ. ಆದರೂ ಅಕ್ಷರಗಳ ಜೋಡಣೆಯನ್ನು ಬದಲಿಸುವ, ಕಣ್ಣಿಗೆ ಕಾಣದ ಜೋಡಕ ಸಂಕೇತಗಳು ಹೆಸರಿನ ನಡುವೆ ಸೇರಿಕೊಂಡರೆ ಈ ಉಪಾಯ ಸಾಲದು. ಒಬ್ಬರನ್ನೇ ಒಂದು ದಿನ 'ಬಸಪ್ಪ' ಎಂದೂ ಇನ್ನೊಂದು ದಿನ 'ಬಸವಪ್ಪ' ಎಂದೂ ಬರೆಯುವ ನನ್ನ ಚಾಳಿಗಂತೂ ಯಾವ ಆಜ್ಞೆಯೂ ಮದ್ದಲ್ಲ. ಆದ್ದರಿಂದ ಪ್ರತಿಯೊಬ್ಬರಿಗೂ ಮೂರು ಇಂಗ್ಲಿಷ್ ಅಕ್ಷರಗಳ ಗುರುತು ಕೊಟ್ಟು, ದಿನಾಂಕದ ಪಕ್ಕದಲ್ಲಿ ಅದನ್ನು ಇಟ್ಟು, ಕನ್ನಡವನ್ನು ಸಾಲಿನ ಕೊನೆಗೆ ಸರಿಸಿದೆ. ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟು ಬೇಕಾಗುವುದರಿಂದ ಓಲಾಡುತ್ತಿದ್ದ ಪಟ್ಟಿಯ ಕಂಬಸಾಲುಗಳೂ ಇದರಿಂದ ನೆಟ್ಟಗಾದವು. ಎಲ್ಲಕ್ಕಿಂತ ಮುಖ್ಯವಾಗಿ, ಹುಡುಕುವ ಸ್ಕ್ರಿಪ್ಟ್ ಈಗ ಖಾಲಿ ಕೈಯಲ್ಲಿ ಮರಳುವುದಿಲ್ಲ: ಮೊದಲು ಆ ಗುರುತು ಖಾತೆದಾರರ ಪಟ್ಟಿಯಲ್ಲಿದೆಯೇ ಎಂದು ನೋಡಿ, 'ಇಂಥವರೇ ಇಲ್ಲ' ಎಂದೋ 'ಬಾಕಿ ಇಲ್ಲ, ಮುಗಿದದ್ದು ಇಂಥ ದಿನ' ಎಂದೋ ಸ್ಪಷ್ಟವಾಗಿ ಹೇಳುತ್ತದೆ.

ಟಿಪ್ಪಣಿಗಳದ್ದು ಹೆಚ್ಚಿನ ಕಥೆಯಲ್ಲ. ಒಬ್ಬೊಬ್ಬರಿಗೆ ಒಂದೊಂದು ಕಡತ, ಅದರ ಹೆಸರೂ ಅದೇ ಮೂರಕ್ಷರ, ಒಳಗೆ ದಿನಾಂಕ ಹಾಕಿದ ಸಾಲುಗಳು. ಎಲ್ಲವನ್ನೂ ರಾತ್ರಿ, ಕಡತಗಳ ಆವೃತ್ತಿಗಳನ್ನು ಉಳಿಸಿಡುವ ಗಿಟ್ ಎಂಬ ತಂತ್ರಾಂಶಕ್ಕೆ ಸೇರಿಸಿ ಪೆನ್‌ಡ್ರೈವ್‌ಗೆ ನಕಲು ಮಾಡುತ್ತೇನೆ. ಮೊದಮೊದಲು ವ್ಯಾಪಾರಿಗಳ ಪೋರ್ಟಲ್ ಪಾಸ್‌ವರ್ಡ್‌ಗಳನ್ನೂ ಇವುಗಳಲ್ಲೇ ಬರೆದು, ಬುದ್ಧಿ ಬಂದ ಮೇಲೆ ಅಳಿಸಿದೆ. ಆದರೆ ಅಳಿಸಿದ್ದನ್ನೂ ಹಳೆಯ ಆವೃತ್ತಿಗಳಲ್ಲಿ ಕಾಪಾಡುವುದೇ ಗಿಟ್‌ನ ಕೆಲಸ. ಕೊನೆಗೆ ಆ ಭಂಡಾರವನ್ನು ಎಲ್ಲ ನಕಲುಗಳೊಂದಿಗೆ ಕಿತ್ತುಹಾಕಿ ಹೊಸದನ್ನು ತೆರೆದು, ಪ್ರತಿಯೊಬ್ಬರ ಪಾಸ್‌ವರ್ಡನ್ನೂ ಬದಲಾಯಿಸಬೇಕಾಯಿತು.

ನಾನು ಬಳಸುವ ಟರ್ಮಿನಲ್‌ನಲ್ಲಿ ಒತ್ತಕ್ಷರಗಳು ಇಂದಿಗೂ ಒಡೆದೇ ಕಾಣುವುದರಿಂದ ಉದ್ದನೆಯ ಟಿಪ್ಪಣಿಗಳನ್ನು ಸಾಮಾನ್ಯ ಎಡಿಟರ್‌ನಲ್ಲಿ ಓದುತ್ತೇನೆ. ನನ್ನ ಕೈಕೆಳಗಿನ ಹುಡುಗನಿಗೆ ಟರ್ಮಿನಲ್ ಎಂದರೆ ಆಗದು. ಹಾಗಾಗಿ ಬೆಳಿಗ್ಗೆ ಬಾಕಿ ಪಟ್ಟಿಯನ್ನು ಮುದ್ರಿಸಿ ಅವನ ಮೇಜಿನ ಮೇಲಿಡುತ್ತೇನೆ. ಅವನು ಪೆನ್ನಿನಿಂದ ಗೆರೆ ಎಳೆದ ಸಾಲುಗಳಿಗೆ ಸಂಜೆ ನಾನು ಎಕ್ಸ್ ಹಾಕುತ್ತೇನೆ.