ಚರ್ಮದ ಮೇಲೊಂದು ತೂತು: ಮೇಜಿನ ಈ ಬದಿಯಿಂದ ಕಂಡದ್ದು

ನಾನು ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್. ಹೆಸರು ಉದ್ದವಾದರೂ ಕೆಲಸ ಹೇಳುವುದು ಸುಲಭ. ಸ್ಕ್ಯಾನ್‌ನಲ್ಲಿ ನೋಡಿಕೊಂಡು, ಚರ್ಮದಲ್ಲಿ ಸಣ್ಣ ತೂತು ಮಾಡಿ, ಅದರ ಮೂಲಕವೇ ಒಳಗಿನ ಕೆಲಸ ಮುಗಿಸುತ್ತೇವೆ. ಲಿವರ್‌ನಿಂದ ಚೂರು ತೆಗೆಯುವುದು, ಹೊಟ್ಟೆಯೊಳಗೆ ಕಟ್ಟಿದ ಕೀವಿಗೆ ಪೈಪು ಹಾಕುವುದು, ಮೂತ್ರ ಕಟ್ಟಿಕೊಂಡ ಕಿಡ್ನಿಗೆ ಬೆನ್ನಿನ ಕಡೆಯಿಂದ ದಾರಿ ಮಾಡುವುದು, ಮುಚ್ಚಿದ ರಕ್ತನಾಳ ತೆರೆಯುವುದು, ಹೀಗೆ. ನನ್ನ ಹತ್ತಿರ ಬರುವವರಲ್ಲಿ ಎರಡು ಥರ. ಒಬ್ಬರು ಹೆದರಿ ನಡುಗುತ್ತಿರುತ್ತಾರೆ. ಇನ್ನೊಬ್ಬರು "ಬರೀ ಸೂಜಿ ತಾನೇ ಡಾಕ್ಟ್ರೇ, ಮುಗಿಸಿಬಿಡಿ" ಎನ್ನುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಚಿಂತೆ ಜಾಸ್ತಿ ಈ ಎರಡನೆಯವರದ್ದೇ. ತೂತು ಚಿಕ್ಕದಿರಬಹುದು, ಆದರೆ ಸೂಜಿ ಮುಟ್ಟುವುದು ಅದೇ ಲಿವರ್, ಅದೇ ಕಿಡ್ನಿ. ಹೊಟ್ಟೆ ಕೊಯ್ದು ತೆರೆದಾಗ ರಕ್ತ ಸುರಿದರೆ ಸರ್ಜನ್ ಕಣ್ಣಿಗೆ ಬೀಳುತ್ತದೆ, ಕೈಯಿಂದ ಒತ್ತಿ ಹಿಡಿಯಬಹುದು. ಇಲ್ಲಿ ಆ ಅನುಕೂಲವಿಲ್ಲ. ಹಾಗಾಗಿ ನಮ್ಮ ಅರ್ಧ ಕೆಲಸ ಸೂಜಿ ಹಿಡಿಯುವ ಮೊದಲೇ ಆಗಿರಬೇಕು.

ಈ ವಿದ್ಯೆಯ ಬೇರು ಒಂದು ಸರಳ ಉಪಾಯದಲ್ಲಿದೆ. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಎಂಬ ವೈದ್ಯರು ಅದನ್ನು ಪ್ರಕಟಿಸಿದರು. ಮೊದಲು ಸೂಜಿ ಚುಚ್ಚು. ಸೂಜಿಯೊಳಗಿಂದ ತಂತಿ ಬಿಡು. ತಂತಿಯನ್ನು ಅಲ್ಲೇ ಬಿಟ್ಟು ಸೂಜಿ ತೆಗೆ. ಆ ತಂತಿಯ ಮೇಲೆಯೇ ಪೈಪು ಜಾರಿಸು. ಇಷ್ಟೇ. ಇವತ್ತಿಗೂ ನನ್ನ ದಿನದ ಕೆಲಸದಲ್ಲಿ ಬಹುಪಾಲು ಇದೇ ನಾಲ್ಕು ಹೆಜ್ಜೆ. ಹನ್ನೊಂದು ವರ್ಷದ ನಂತರ, 1964ರ ಜನವರಿಯಲ್ಲಿ, ಅಮೆರಿಕದ ಚಾರ್ಲ್ಸ್ ಡಾಟರ್ ಇದೇ ದಾರಿಯಲ್ಲಿ 82 ವರ್ಷದ ಅಜ್ಜಿಯೊಬ್ಬರ ಕಾಲಿನ ಕಟ್ಟಿದ ರಕ್ತನಾಳವನ್ನು ಹಿಗ್ಗಿಸಿದರು. ಕಾಲು ಕತ್ತರಿಸಲು ಅಜ್ಜಿ ಒಪ್ಪಿರಲಿಲ್ಲ. ಕಾಲು ಉಳಿಯಿತು. ಹೃದಯದ ಬಲೂನು, ಸ್ಟೆಂಟ್ ಎಲ್ಲ ಬಂದದ್ದು ಆಮೇಲೆ.

ನಾನು ರೋಗಿಯನ್ನು ನೋಡಿದ ಕೂಡಲೇ ಕೇಳುವುದು ಮಾತ್ರೆಗಳ ಬಗ್ಗೆ. "ಏನೂ ತಗೊಳ್ಳಲ್ಲ" ಎಂಬ ಉತ್ತರವನ್ನು ನಾನು ನಂಬುವುದಿಲ್ಲ. ಮಾತ್ರೆಯ ಚೀಲವನ್ನೇ ತನ್ನಿ ಎನ್ನುತ್ತೇನೆ. ಬಿ.ಪಿ. ಮಾತ್ರೆ ನೆನಪಿರುತ್ತದೆ, ಸಕ್ಕರೆ ಮಾತ್ರೆ ನೆನಪಿರುತ್ತದೆ. ಎಂದೋ ಹಾರ್ಟಿಗೆಂದು ಶುರು ಮಾಡಿ ವರ್ಷಗಟ್ಟಲೆ ನುಂಗುತ್ತಿರುವ ಆ ಚಿಕ್ಕ ಮಾತ್ರೆ ಮಾತ್ರ ಲೆಕ್ಕಕ್ಕೆ ಬರುವುದಿಲ್ಲ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್, ಇವೆಲ್ಲ ರಕ್ತ ಬೇಗ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಔಷಧಿಗಳು. ಲಿವರ್ ಅಥವಾ ಕಿಡ್ನಿಗೆ ಸೂಜಿ ಹಾಕುವಾಗ ಇವುಗಳಿಂದ ರಕ್ತ ನಿಲ್ಲದೆ ಹೋಗಬಹುದು. ಕ್ಲೋಪಿಡೋಗ್ರೆಲ್ ಆದರೆ ಸಾಮಾನ್ಯವಾಗಿ 5 ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ, ಏಕೆಂದರೆ ಮಾತ್ರೆ ಬಿಟ್ಟ ಮರುದಿನವೇ ಅದರ ಪ್ರಭಾವ ಇಳಿಯುವುದಿಲ್ಲ.

ಹಾಗಂತ ಇದನ್ನು ಓದಿ ನೀವೇ ಮಾತ್ರೆ ನಿಲ್ಲಿಸಿಬಿಡಬೇಡಿ. ಇದು ಇನ್ನೂ ದೊಡ್ಡ ಅಪಾಯ. ಹೃದಯಕ್ಕೆ ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರು ಮಾತ್ರೆ ಬಿಟ್ಟರೆ ಸ್ಟೆಂಟ್‌ನೊಳಗೇ ರಕ್ತ ಹೆಪ್ಪುಗಟ್ಟಬಹುದು. ಥೈರಾಯ್ಡ್‌ನಿಂದ ಸಣ್ಣ ಸೂಜಿಯಲ್ಲಿ ಜೀವಕೋಶ ತೆಗೆಯಲು, ಹೊಟ್ಟೆಯಲ್ಲಿ ತುಂಬಿದ ನೀರು ತೆಗೆಯಲು ಎಷ್ಟೋ ಸಲ ಮಾತ್ರೆ ನಿಲ್ಲಿಸುವ ಅಗತ್ಯವೇ ಇರುವುದಿಲ್ಲ. ಅಲ್ಲಿ ರಕ್ತ ಬಂದರೂ ಮೇಲಿಂದ ಒತ್ತಿದರೆ ನಿಲ್ಲುತ್ತದೆ, ಇಲ್ಲವೇ ಅಪಾಯವೇ ಕಡಿಮೆ. ಯಾವ ಮಾತ್ರೆ, ಎಷ್ಟು ದಿನ, ಮತ್ತೆ ಯಾವಾಗ ಶುರು, ಈ ಮೂರನ್ನೂ ಸೂಜಿ ಹಾಕುವ ಡಾಕ್ಟರ್ ಮತ್ತು ಮಾತ್ರೆ ಬರೆದುಕೊಟ್ಟ ಡಾಕ್ಟರ್ ಮಾತಾಡಿಕೊಂಡು ತೀರ್ಮಾನಿಸಲಿ. ಅದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಎಲ್ಲರೂ ಮರೆಯುವುದು ಮೂರನೆಯದನ್ನು. ನಿಲ್ಲಿಸಿದ ಮಾತ್ರೆ ಮತ್ತೆ ಶುರುವಾಗದೆ ಹಾಗೇ ಉಳಿದುಬಿಡುತ್ತದೆ.

ಉಪವಾಸದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಿದ್ದೆ ಬರುವ ಔಷಧಿ ಕೊಡುವುದಿದ್ದರೆ ಸಾಮಾನ್ಯವಾಗಿ ಊಟ 6 ಗಂಟೆ ಮೊದಲು, ನೀರು 2 ಗಂಟೆ ಮೊದಲು ನಿಲ್ಲಿಸಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಆ ದಿನದ ಪ್ರಮಾಣವನ್ನು ಮೊದಲೇ ಕೇಳಿಕೊಳ್ಳಬೇಕು. ಬಸುರಿ ಇರಬಹುದೆಂಬ ಸಣ್ಣ ಅನುಮಾನವಿದ್ದರೂ ಹೇಳಿ, ನಾವು ಎಕ್ಸ್‌ರೇ ಬಳಸುತ್ತೇವೆ.

ಇನ್ನು ನೋವು. "ನೋವೇ ಆಗಲ್ಲ" ಎಂದು ನಾನು ಯಾರಿಗೂ ಹೇಳುವುದಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಮೊದಲ ಕೆಲವು ಸೆಕೆಂಡು ಚುರುಚುರು ಉರಿಯುತ್ತದೆ. ಅಲ್ಲಿಂದ ಮುಂದೆ ಚುಚ್ಚಿದ್ದು ಗೊತ್ತಾಗುವುದಿಲ್ಲ, ಆದರೆ ಒತ್ತುವುದು, ಎಳೆಯುವುದು ಗೊತ್ತಾಗುತ್ತದೆ. ಲಿವರ್‌ನ ಒಳಗೆ ಅಷ್ಟೇನೂ ನೋವಿಲ್ಲ, ಅದರ ಮೇಲಿನ ಪೊರೆಗೆ ಮಾತ್ರ ನೋವು ಚೆನ್ನಾಗಿ ಗೊತ್ತಾಗುತ್ತದೆ. ಹಾಗಾಗಿ ನಾನು ಚರ್ಮಕ್ಕೆ ಮಾತ್ರ ಮದ್ದು ಹಾಕಿ ನಿಲ್ಲಿಸದೆ, ಆ ಪೊರೆಯವರೆಗೂ ನಿಧಾನವಾಗಿ ಬಿಡುತ್ತಾ ಹೋಗಿ ಸ್ವಲ್ಪ ಕಾಯುತ್ತೇನೆ. ಕಾಯುವ ಆ ಹೊತ್ತು ಎಷ್ಟೋ ನೋವನ್ನು ಉಳಿಸುತ್ತದೆ. ಲಿವರ್ ಬಯಾಪ್ಸಿ (ಪರೀಕ್ಷೆಗೆ ಚೂರು ತೆಗೆಯುವುದು) ಆದ ಮೇಲೆ ಕೆಲವರಿಗೆ ಬಲ ಭುಜ ನೋಯುತ್ತದೆ. ಹೊಟ್ಟೆಗೆ ಚುಚ್ಚಿದರೆ ಭುಜ ಯಾಕೆ ನೋಯಬೇಕು ಎಂದು ಗಾಬರಿಯಾಗುತ್ತಾರೆ. ಲಿವರ್ ಮೇಲೆ, ಎದೆಗೂ ಹೊಟ್ಟೆಗೂ ನಡುವೆ ಇರುವ ಪರದೆಯಂಥ ಸ್ನಾಯು ವಪೆ. ಈ ವಪೆಗೂ ಭುಜದ ಚರ್ಮಕ್ಕೂ ಹೋಗುವ ನರಗಳು ಕುತ್ತಿಗೆಯ ಒಂದೇ ಜಾಗದಿಂದ ಹೊರಡುತ್ತವೆ. ಹಾಗಾಗಿ ಮೆದುಳು ನೋವಿನ ವಿಳಾಸ ತಪ್ಪಾಗಿ ಓದುತ್ತದೆ. ಸಾಮಾನ್ಯವಾಗಿ ಕೆಲ ಗಂಟೆಗಳಲ್ಲಿ ಇಳಿಯುತ್ತದೆ.

ಎಚ್ಚರವಾಗಿಯೇ ಯಾಕೆ ಇಡುತ್ತೀರಿ ಎಂದು ಕೇಳುವವರಿದ್ದಾರೆ. ಒಂದು ಕಾರಣ, ಪೂರ್ತಿ ಅರಿವಳಿಕೆಯ ತೊಂದರೆಗಳು ತಪ್ಪುತ್ತವೆ. ಇನ್ನೊಂದು, ನನಗೆ ನಿಮ್ಮ ಉಸಿರು ಬೇಕು. ಉಸಿರೆಳೆದಾಗ ಲಿವರ್, ಕಿಡ್ನಿ ಕೆಳಗೆ ಜಾರುತ್ತವೆ, ಬಿಟ್ಟಾಗ ಮೇಲೆ ಬರುತ್ತವೆ. ಎರಡು ಸೆಂಟಿಮೀಟರ್ ಗಂಟಿಗೆ ಸೂಜಿ ಹಿಡಿದು ನಿಂತಿರುವ ನನಗೆ ಆ ಅಲುಗಾಟ ದೊಡ್ಡದು. ಈಗ ಕಂಡ ಗಂಟು ಮುಂದಿನ ಕ್ಷಣ ಪಕ್ಕೆಲುಬಿನ ಮರೆಗೆ ಹೋಗಿರುತ್ತದೆ. "ಉಸಿರು ಹಿಡಿಯಿರಿ" ಎಂದ ಕೂಡಲೇ ಎಲ್ಲರೂ ಎದೆ ತುಂಬಾ ಎಳೆದು ಕೆನ್ನೆ ಉಬ್ಬಿಸಿ ಹಿಡಿಯುತ್ತಾರೆ. ಅದು ಬೇಡ. ಎರಡನೆಯ ಸಲ ಅಷ್ಟೇ ಎಳೆಯುವುದು ಯಾರಿಗೂ ಆಗುವುದಿಲ್ಲ. ಸುಮ್ನೆ ಸಾಧಾರಣ ಉಸಿರು ಹೊರಗೆ ಬಿಟ್ಟು, ಅಲ್ಲೇ ನಿಲ್ಲಿಸಿ. ಉಸಿರಿನ ಈ ತಂಗುವ ಜಾಗ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ. ಸೂಜಿ ಕೈಗೆತ್ತಿಕೊಳ್ಳುವ ಮೊದಲು ನಾನು ಇದನ್ನು ರೋಗಿಯ ಜೊತೆ ಹಲವು ಸಲ ಅಭ್ಯಾಸ ಮಾಡುತ್ತೇನೆ. ಅಲ್ಟ್ರಾಸೌಂಡ್ ಪರದೆಯನ್ನು ಅವರ ಕಡೆ ತಿರುಗಿಸಿ, "ನೋಡಿ, ಈಗ ಬಂತು, ನಿಲ್ಲಿಸಿ" ಎನ್ನುತ್ತೇನೆ. ತಮ್ಮ ಲಿವರ್ ತಮ್ಮ ಮಾತು ಕೇಳುವುದನ್ನು ನೋಡಿದರೆ ಭಯ ಅರ್ಧ ಇಳಿಯುತ್ತದೆ. ಶ್ವಾಸಕೋಶದ ಬಯಾಪ್ಸಿಯಲ್ಲಂತೂ ಸೂಜಿ ಒಳಗಿರುವಾಗ ಕೆಮ್ಮಬಾರದು, ಮಾತಾಡಬಾರದು. ಕೆಮ್ಮು ಇದ್ದರೆ ಮೊದಲೇ ಹೇಳಿ, ಬೇಕಾದರೆ ದಿನ ಮುಂದಕ್ಕೆ ಹಾಕೋಣ.

ಬಯಾಪ್ಸಿ ಸೂಜಿ ಒಳಗೆ ಬಿಟ್ಟು ಗುಂಡಿ ಒತ್ತಿದಾಗ ಸ್ಟೇಪ್ಲರ್ ಹೊಡೆದ ಹಾಗೆ 'ಟಕ್' ಎಂದು ಸದ್ದಾಗುತ್ತದೆ. ಹೇಳದೆ ಒತ್ತಿದರೆ ರೋಗಿ ಬೆಚ್ಚಿ ಅಲುಗಾಡುತ್ತಾರೆ. ಅದಕ್ಕೇ ಒಂದು ಸಲ ಗಾಳಿಯಲ್ಲೇ ಹೊಡೆದು ಕೇಳಿಸುತ್ತೇನೆ. ಸೂಜಿಯ ದಪ್ಪ 1 ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಹೊರಬರುವುದು ಒಂದೆರಡು ಸೆಂಟಿಮೀಟರ್ ಉದ್ದದ ನೂಲಿನಂಥ ಎಳೆ. ಚೂರು ಕೆಡದಂತೆ ಇಡುವ ಫಾರ್ಮಲಿನ್ ದ್ರವದ ಬಾಟಲಿಯಲ್ಲಿ ಅದು ತೇಲುತ್ತಿದ್ದರೆ ನನಗೆ ಅಷ್ಟು ಸಮಾಧಾನವಿಲ್ಲ. ಕೊಬ್ಬು ಬಂದಿರಬಹುದು. ಮುಳುಗಿದರೆ ಒಳ್ಳೆಯದು. ಕ್ಷಯದ ಅನುಮಾನವಿದ್ದರೆ ಒಂದು ಚೂರನ್ನು ಸಲೈನ್‌ನಲ್ಲಿ ಬೇರೆಯಾಗಿ ಕಳಿಸಬೇಕು, ಏಕೆಂದರೆ ಫಾರ್ಮಲಿನ್‌ಗೆ ಬಿದ್ದ ರೋಗಾಣು ಸತ್ತುಹೋಗುತ್ತದೆ, ಆಮೇಲೆ ಅದನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಲು (ಕಲ್ಚರ್) ಬರುವುದಿಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬಯಾಪ್ಸಿಯಲ್ಲಿ "ಕ್ಯಾನ್ಸರ್ ಕಾಣಲಿಲ್ಲ" ಎಂದು ಬಂದರೆ ಕ್ಯಾನ್ಸರ್ ಇಲ್ಲವೆಂದೇ ಅಲ್ಲ. ಸೂಜಿ ಗಂಟಿನ ಸತ್ತ ಭಾಗಕ್ಕೆ ಹೋಗಿರಬಹುದು, ಅಂಚಿಗೆ ತಗುಲಿರಬಹುದು. ಸ್ಕ್ಯಾನ್ ಒಂದು ಹೇಳಿ ಬಯಾಪ್ಸಿ ಇನ್ನೊಂದು ಹೇಳಿದರೆ ಮತ್ತೊಮ್ಮೆ ಮಾಡಬೇಕಾಗಬಹುದು. ಇದಕ್ಕೆ ಜಗಳವಾದದ್ದೂ ಇದೆ. ಮೊದಲೇ ಹೇಳಿದ್ದರೆ ಜಗಳವಿಲ್ಲ. ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯವೂ ಎಲ್ಲರ ಬಾಯಲ್ಲಿದೆ. ಸೂಜಿ ಹೋದ ದಾರಿಯಲ್ಲಿ ಜೀವಕೋಶ ಬೇರು ಬಿಡುವುದು ಸುಳ್ಳಲ್ಲ, ಆದರೆ ಅಪರೂಪ. ಏನು ರೋಗವೆಂದು ತಿಳಿಯದೆ ಔಷಧಿ ಕೊಡುವುದಕ್ಕಿಂತ ಬಯಾಪ್ಸಿ ಮಾಡುವುದು ಎಷ್ಟೋ ವಾಸಿ. ಎಲ್ಲ ಕಡೆ ಬಯಾಪ್ಸಿ ಬೇಕೆಂದೂ ಇಲ್ಲ. ಸಿರೋಸಿಸ್ (ಕಲೆಗಟ್ಟಿ ಗಡುಸಾಗುವ ರೋಗ) ಇರುವ ಲಿವರ್‌ನಲ್ಲಿ ಕೆಲವು ಗಂಟುಗಳನ್ನು ಸಿ.ಟಿ. ಅಥವಾ ಎಂ.ಆರ್.ಐ. ನೋಡಿಯೇ ಕ್ಯಾನ್ಸರ್ ಎಂದು ತೀರ್ಮಾನಿಸಬಹುದು. "ಸ್ಕ್ಯಾನ್‌ನಲ್ಲೇ ಗೊತ್ತಾಗಲ್ವಾ?" ಎಂದು ಧೈರ್ಯವಾಗಿ ಕೇಳಿ. ಅದು ಒಳ್ಳೆಯ ಪ್ರಶ್ನೆ.

ಇನ್ನೊಂದು ತಪ್ಪು ತಿಳಿವಳಿಕೆ ಪೈಪಿನ ಬಗ್ಗೆ. ಪಿತ್ತನಾಳ ಕಟ್ಟಿ ಕಾಮಾಲೆಯಾದವರಿಗೆ ಪಕ್ಕೆಯಿಂದ ಪೈಪು ಹಾಕುತ್ತೇವೆ. ಕಣ್ಣಿನ ಹಳದಿ ದಿನೇ ದಿನೇ ಇಳಿಯುತ್ತದೆ, ಮೈ ಕೆರೆತ ಕಡಿಮೆಯಾಗುತ್ತದೆ, ಊಟ ಸೇರುತ್ತದೆ. ಮನೆಯವರು ವಾಸಿಯಾಯಿತು ಎಂದು ಮುಂದಿನ ಚಿಕಿತ್ಸೆಗೆ ಬರುವುದನ್ನೇ ಬಿಡುತ್ತಾರೆ. ಪೈಪು ಇಳಿಸಿದ್ದು ಕಾಮಾಲೆಯನ್ನು ಮಾತ್ರ. ನಾಳವನ್ನು ಕಟ್ಟಿದ್ದು ಅಲ್ಲೇ ಕೂತಿದೆ. ಪಿತ್ತಕೋಶದ ಪೈಪೂ ಹಾಗೇ. ಕೀವು, ಪಿತ್ತ ಹೊರಗೆ ಬಂತು, ಕಲ್ಲು ಒಳಗೇ ಇದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು "ಇದರಿಂದ ರೋಗ ಹೋಗುತ್ತಾ, ತೊಂದರೆ ಮಾತ್ರ ಇಳಿಯುತ್ತಾ? ಇದು ಕೈಕೊಟ್ಟರೆ ಮುಂದೇನು?" ಎಂದು ಕೇಳಿ. ಕೆಲವೊಮ್ಮೆ ಉತ್ತರ "ಆಪರೇಷನ್ನೇ ವಾಸಿ" ಎಂದಿರುತ್ತದೆ. ನಾನೇ ಎಷ್ಟೋ ಜನರನ್ನು ಸರ್ಜನ್ ಹತ್ತಿರ ವಾಪಸ್ ಕಳಿಸಿದ್ದೇನೆ.

ಮನೆಗೆ ಹೋದ ಮೇಲೆ ನೋಡಬೇಕಾದ್ದು ಚರ್ಮದ ಮೇಲಿನ ಚುಕ್ಕೆಯನ್ನಲ್ಲ. ಹೊರಗೆ ಬ್ಯಾಂಡೇಜ್ ಒಣಗಿದ್ದರೂ ಒಳಗೆ ರಕ್ತ ಸೋರುತ್ತಿರಬಹುದು. ತಲೆ ಸುತ್ತಿದರೆ, ತಣ್ಣನೆ ಬೆವರಿದರೆ, ಎದೆ ಹೊಡೆದುಕೊಂಡರೆ, ಹೊಟ್ಟೆ ನೋವು ಏರುತ್ತಲೇ ಹೋದರೆ ಬೆಳಗಾಗಲಿ ಎಂದು ಕಾಯಬೇಡಿ. ಕಿಡ್ನಿ ಬಯಾಪ್ಸಿ ಆದ ಮೇಲೆ ಒಂದು ದಿನ ಮೂತ್ರ ಕೆಂಪಗೆ ಬರುವುದು ಸಾಮಾನ್ಯ. ಗಡ್ಡೆ ಗಡ್ಡೆಯಾಗಿ ಬಂದರೆ, ಮೂತ್ರವೇ ಕಟ್ಟಿದರೆ ಸಾಮಾನ್ಯವಲ್ಲ. ಶ್ವಾಸಕೋಶಕ್ಕೆ ಸೂಜಿ ಹಾಕಿದ ಮೇಲೆ ಉಸಿರಾಡಲು ಕಷ್ಟವಾದರೆ ಗಾಳಿ ಸೋರಿ ಎದೆಯಲ್ಲಿ ತುಂಬಿರಬಹುದು. ಸ್ವಲ್ಪವಿದ್ದರೆ ತಾನೇ ಇಂಗುತ್ತದೆ, ಜಾಸ್ತಿ ಆದರೆ ಪೈಪು ಹಾಕಿ ತೆಗೆಯಬೇಕು. ತೊಡೆಸಂದಿನ ರಕ್ತನಾಳದಿಂದ ಹೋಗಿದ್ದರೆ ಕಾಲು ನೇರವಾಗಿಟ್ಟು ಮಲಗಬೇಕು, ಕೆಮ್ಮುವಾಗ ಅಲ್ಲಿ ಕೈಯಿಂದ ಒತ್ತಿಕೊಳ್ಳಬೇಕು. ರಕ್ತ ಬಂದರೆ ತಕ್ಷಣ ಮಲಗಿಸಿ, ಚರ್ಮದ ತೂತಿಗಿಂತ ಸ್ವಲ್ಪ ಮೇಲೆ ಗಟ್ಟಿಯಾಗಿ ಒತ್ತಿ, ಆಂಬ್ಯುಲೆನ್ಸ್ ಕರೆಯಿರಿ. ಸೂಜಿ ಓರೆಯಾಗಿ ಹೋಗುವುದರಿಂದ ರಕ್ತನಾಳದ ತೂತು ಸಾಮಾನ್ಯವಾಗಿ ಚರ್ಮದ ತೂತಿಗಿಂತ ಮೇಲಿರುತ್ತದೆ. ಬಟ್ಟೆ ಮೇಲೆ ಬಟ್ಟೆ ಸುತ್ತುವುದರಿಂದ ರಕ್ತ ಕಾಣಿಸುವುದಿಲ್ಲ ಅಷ್ಟೇ, ನಿಲ್ಲುವುದಿಲ್ಲ.

ಪೈಪು ಹಾಕಿಸಿಕೊಂಡು ಮನೆಗೆ ಹೋಗುವವರಿಗೆ ನಾನು ಜೊತೆಗಿರುವವರನ್ನೂ ಕೂರಿಸಿಕೊಂಡು ತೋರಿಸುತ್ತೇನೆ. ಪೈಪಿನ ಒಳತುದಿ ಸುರುಳಿ ಸುತ್ತಿರುತ್ತದೆ. ಜಾರಿ ಹೊರಬರದಿರಲೆಂದು ಒಂದು ದಾರ ಆ ಸುರುಳಿಯನ್ನು ಬಿಗಿದು ಹಿಡಿದಿರುತ್ತದೆ. ಅದನ್ನು ಬಿಡಿಸದೆ ಎಳೆದರೆ ಒಳಗೆ ಗಾಯವಾಗುತ್ತದೆ. ಚೀಲ ಯಾವಾಗಲೂ ಪೈಪು ಇರುವ ಜಾಗಕ್ಕಿಂತ ಕೆಳಗಿರಲಿ. ಮಲಗುವಾಗ ಪೈಪು ಮೈ ಕೆಳಗೆ ಮಡಚಿಕೊಳ್ಳದಂತೆ ನೋಡಿ. ಸಲೈನ್ ಬಿಡಲು ಹೇಳಿದ್ದರೆ ಮೆಲ್ಲಗೆ ಬಿಡಿ, ತಡೆದರೆ ಬಲ ಹಾಕಬೇಡಿ. ದಿನಕ್ಕೆ ಎಷ್ಟು ಬಂತು, ಬಣ್ಣ ಹೇಗಿತ್ತು, ಬರೆದಿಡಿ. ಚಳಿ ಜ್ವರ ಬಂದರೆ, ಬರುತ್ತಿದ್ದದ್ದು ದಿಢೀರನೆ ನಿಂತರೆ ಅದೇ ದಿನ ಬನ್ನಿ. ಪೈಪು ಪೂರ್ತಿ ಕಿತ್ತು ಬಂದರೆ ತೊಳೆದು ಮತ್ತೆ ತುರುಕಬೇಡಿ. ತೂತಿನ ಮೇಲೆ ಶುದ್ಧ ಬಟ್ಟೆ ಇಟ್ಟು, ಆ ಪೈಪನ್ನೂ ತೆಗೆದುಕೊಂಡು ಬೇಗ ಬನ್ನಿ. ತಡವಾದಷ್ಟೂ ಹಳೆಯ ದಾರಿ ಮುಚ್ಚಿಕೊಳ್ಳುತ್ತದೆ, ಹೊಸದಾಗಿ ಚುಚ್ಚಬೇಕಾಗುತ್ತದೆ. ಹಳೆಯ ದಾರಿ ಇನ್ನೂ ತೆರೆದಿದ್ದರೆ ಅದರಿಂದಲೇ ತಂತಿ ಬಿಟ್ಟು ಹೊಸ ಪೈಪು ಜಾರಿಸಬಹುದು.

ಕಿಡ್ನಿ, ಪಿತ್ತನಾಳದ ಪೈಪುಗಳು ಬಹಳ ದಿನ ಇರಬೇಕಾದರೆ ಎರಡು ಮೂರು ತಿಂಗಳಿಗೊಮ್ಮೆ ಬದಲಿಸಬೇಕು, ಇಲ್ಲದಿದ್ದರೆ ಒಳಗೆ ಪಾಚಿ ಕಟ್ಟಿದಂತಾಗಿ ಮುಚ್ಚುತ್ತವೆ. ದಿನಾಂಕವನ್ನು ನಾನು ಚೀಲದ ಮೇಲೇ ಬರೆದುಕೊಡುತ್ತೇನೆ. ಕೀವಿನ ಪೈಪು ತೆಗೆಯುವ ದಿನ ಎಲ್ಲರೂ ಕೇಳುವುದು ಒಂದೇ, ಹಾಕುವಾಗಿನಷ್ಟೇ ನೋವಾಗುತ್ತಾ ಎಂದು. ಇಲ್ಲ. ದಾರ ಬಿಡಿಸಿ ಎಳೆದರೆ ಒಂದು ನಿಮಿಷದ ಕೆಲಸ. ತೂತಿಗೆ ಹೊಲಿಗೆ ಹಾಕುವುದಿಲ್ಲ, ಒಂದೆರಡು ದಿನ ಸ್ವಲ್ಪ ನೀರು ಜಿನುಗಬಹುದು, ಬ್ಯಾಂಡೇಜ್ ಸಾಕು.