ಬ್ಯಾಂಡಿನ ಬೆನ್ನು ಹಿಡಿದು ಗಡಿ ದಾಟುವವರಿಗೆ

ಮೆಚ್ಚಿನ ಬ್ಯಾಂಡೊಂದು ವಿಶ್ವಪ್ರವಾಸ ಘೋಷಿಸಿದಾಗ ಅಭಿಮಾನಿಯ ಕೈಗೆ ಸಿಗುವುದು ಊರು ಮತ್ತು ದಿನಾಂಕಗಳ ಒಂದು ಉದ್ದನೆಯ ಪಟ್ಟಿ. ಅದನ್ನೇ ತನ್ನ ಪ್ರಯಾಣದ ಯೋಜನೆಯೆಂದು ಹಿಡಿದು ಹೊರಟವರು ಮೂರನೆಯ ಊರು ಮುಟ್ಟುವಷ್ಟರಲ್ಲಿ ಬಸವಳಿದಿರುತ್ತಾರೆ. ಯಾವ ಸಭಾಂಗಣ ಯಾವ ದಿನ ಬಿಡುವಾಗಿದೆ, ವೇದಿಕೆಯ ಸಾಮಾನು ಹೊತ್ತ ಲಾರಿಗಳು ಒಂದು ರಾತ್ರಿಯಲ್ಲಿ ಎಷ್ಟು ದೂರ ಹೋಗಬಲ್ಲವು ಎಂಬ ಲೆಕ್ಕಾಚಾರದಿಂದ ಹುಟ್ಟಿದ ಪಟ್ಟಿ ಅದು. ನೋಡಲು ಬರುವವರ ಅನುಕೂಲ ಅದರಲ್ಲಿ ಎಲ್ಲಿಯೂ ಇರುವುದಿಲ್ಲ. 2009ರಿಂದ 2011ರವರೆಗೆ ನಡೆದ ಯು ಟೂ ಬ್ಯಾಂಡಿನ ಕ್ರೀಡಾಂಗಣ ಪ್ರವಾಸಕ್ಕೆಂದು ಒಂದೇ ಬಗೆಯ ಮೂರು ಬೃಹತ್ ಉಕ್ಕಿನ ವೇದಿಕೆಗಳನ್ನು ಮಾಡಿಸಿದ್ದರು. ಒಂದರಲ್ಲಿ ಹಾಡು ನಡೆಯುತ್ತಿರುವಾಗ ಇನ್ನೊಂದು ಮುಂದಿನ ಊರಿನಲ್ಲಿ ಆಗಲೇ ಎದ್ದು ನಿಲ್ಲುತ್ತಿತ್ತು. ಅಭಿಮಾನಿಗಿರುವುದು ಒಂದೇ ದೇಹ ಮತ್ತು ಒಂದೇ ಪಾಸ್‌ಪೋರ್ಟು. ಆದ್ದರಿಂದ ಇಡೀ ಪಟ್ಟಿಯ ಆಸೆ ಬಿಟ್ಟು, ತನ್ನ ಕಾಲು, ರಜೆ ಮತ್ತು ವೀಸಾಕ್ಕೆ ನಿಲುಕುವ ಒಂದು ತುಂಡನ್ನು ಅದರಿಂದ ಕತ್ತರಿಸಿಕೊಳ್ಳುವುದೇ ಇಲ್ಲಿಯ ಮುಖ್ಯ ಕೆಲಸ.

ಎಷ್ಟು ದೊಡ್ಡ ತುಂಡು ಎಂಬುದು ಆ ಬ್ಯಾಂಡಿನ ಸ್ವಭಾವವನ್ನು ಅವಲಂಬಿಸಿದೆ. ಅಮೆರಿಕದ ಗ್ರೇಟ್‌ಫುಲ್ ಡೆಡ್ 1965ರಿಂದ 1995ರವರೆಗೆ 2,300ರಷ್ಟು ಕಾರ್ಯಕ್ರಮಗಳನ್ನು ಕೊಟ್ಟಿತು. ಹಾಡುಗಳ ಆಯ್ಕೆ ಮತ್ತು ಕ್ರಮ ರಾತ್ರಿಯಿಂದ ರಾತ್ರಿಗೆ ಬದಲಾಗುತ್ತಿದ್ದುದರಿಂದ ‘ಡೆಡ್‌ಹೆಡ್’ ಎಂದು ಹೆಸರಾದ ಅದರ ಅಭಿಮಾನಿಗಳು ಊರೂರು ಅಲೆದದ್ದಕ್ಕೆ ಅರ್ಥವಿತ್ತು. 1984ರಿಂದ ಧ್ವನಿಮುದ್ರಿಸಿಕೊಳ್ಳುವ ಅಭಿಮಾನಿಗಳಿಗೆ ಆ ಬ್ಯಾಂಡು ಪ್ರತ್ಯೇಕ ಜಾಗವನ್ನೇ ಮಾಡಿಕೊಟ್ಟಿತ್ತು. ಇದಕ್ಕೆ ವಿರುದ್ಧವಾಗಿ, ಬೆಳಕು, ಪರದೆಯ ಮೇಲಿನ ಚಿತ್ರ, ಪಟಾಕಿ ಎಲ್ಲವೂ ಗಡಿಯಾರಕ್ಕೆ ಕಟ್ಟುಬಿದ್ದಿರುವ ದೊಡ್ಡ ಕ್ರೀಡಾಂಗಣ ಪ್ರದರ್ಶನಗಳಲ್ಲಿ ಹಾಡುಗಳನ್ನು ಬದಲಿಸುವ ಅವಕಾಶವೇ ಕಡಿಮೆ. ಪ್ರವಾಸದ ಮೊದಲ ಕೆಲವು ರಾತ್ರಿಗಳ ಹಾಡಿನ ಪಟ್ಟಿಗಳನ್ನು ಅಭಿಮಾನಿಗಳು ಅಂತರ್ಜಾಲದಲ್ಲಿ ದಾಖಲಿಸುತ್ತಾರೆ. ಅವನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಪಟ್ಟಿ ಬದಲಾಗದಿದ್ದರೆ ಎರಡು ಕಾರ್ಯಕ್ರಮಗಳು ಸಾಕೆಂಬುದು ನನ್ನ ಅಭಿಪ್ರಾಯ: ಒಂದನ್ನು ವೇದಿಕೆಯ ಹತ್ತಿರ ನಿಂತು, ಇನ್ನೊಂದನ್ನು ದೂರದ ಎತ್ತರದ ಆಸನದಲ್ಲಿ ಕುಳಿತು ನೋಡಿದರೆ ಅದರಲ್ಲಿರುವುದೆಲ್ಲ ದಕ್ಕುತ್ತದೆ. ಪಟ್ಟಿ ಬದಲಾಗುವುದಾದರೆ ಎರಡು ಮೂರು ವಾರಗಳಲ್ಲಿ ನಾಲ್ಕೈದು ಕಾರ್ಯಕ್ರಮಗಳವರೆಗೆ ಹೋಗಬಹುದು. ಒಂದೇ ಊರಿನಲ್ಲಿ ಎರಡು ರಾತ್ರಿ ಹಾಡುವ ಕಡೆಗೆ ಮೊದಲ ಆದ್ಯತೆ ಕೊಡಬೇಕು, ಏಕೆಂದರೆ ಒಂದು ಪ್ರಯಾಣದ ಖರ್ಚಿನಲ್ಲಿ ಎರಡು ಕಾರ್ಯಕ್ರಮಗಳು ಸಿಗುತ್ತವೆ. ಹಲವು ಬ್ಯಾಂಡುಗಳು ಸೇರುವ ಉತ್ಸವದ ದಿನಗಳನ್ನು ಬಿಟ್ಟುಬಿಡಬಹುದು. ಅಲ್ಲಿ ಹಾಡುವ ಹೊತ್ತು ಕಡಿಮೆ, ಟಿಕೆಟಿನ ಬೆಲೆ ಹೆಚ್ಚು.

ಹಾದಿಯನ್ನು ನಿಜವಾಗಿ ನಿರ್ಧರಿಸುವುದು ವೀಸಾ. ಯುರೋಪಿನ ಷೆಂಗೆನ್ ವಲಯದಲ್ಲಿ ಈಗ 29 ದೇಶಗಳಿವೆ. ಒಂದೇ ವೀಸಾದಲ್ಲಿ ಅಷ್ಟೂ ದೇಶಗಳಲ್ಲಿ ಓಡಾಡಬಹುದಾದ್ದರಿಂದ ಹೊಸಬರಿಗೆ ಇದಕ್ಕಿಂತ ಸಲೀಸಾದ ಪ್ರದೇಶವಿಲ್ಲ. ಆದರೆ ಷೆಂಗೆನ್ ವಲಯವೂ ಯುರೋಪಿಯನ್ ಒಕ್ಕೂಟವೂ ಒಂದೇ ಅಲ್ಲ. ಒಕ್ಕೂಟದಲ್ಲಿಲ್ಲದ ಸ್ವಿಟ್ಜರ್ಲೆಂಡ್ ಮತ್ತು ನಾರ್ವೆ ಈ ವಲಯದಲ್ಲಿವೆ. ಒಕ್ಕೂಟದಲ್ಲಿರುವ ಐರ್ಲೆಂಡ್ ಇದರಲ್ಲಿಲ್ಲ. ಬ್ರಿಟನ್ ಎರಡಕ್ಕೂ ಹೊರಗಿದೆ. ಪ್ಯಾರಿಸ್, ಲಂಡನ್, ಆಮ್‌ಸ್ಟರ್‌ಡ್ಯಾಮ್ ಎಂಬ ಕ್ರಮ ಬ್ಯಾಂಡುಗಳ ಪಟ್ಟಿಯಲ್ಲಿ ತೀರ ಸಾಮಾನ್ಯ. ವೀಸಾ ಬೇಕಾದ ದೇಶದ ಪ್ರಜೆಗೆ ಈ ಮೂರು ಊರುಗಳೆಂದರೆ ಬ್ರಿಟನ್ನಿಗೆ ಪ್ರತ್ಯೇಕ ಅನುಮತಿ ಮತ್ತು ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಿಸಬಹುದಾದ ಷೆಂಗೆನ್ ವೀಸಾ. ಒಂದೇ ಪ್ರವೇಶದ ವೀಸಾ ಹಿಡಿದು ಪ್ಯಾರಿಸ್‌ನಿಂದ ಲಂಡನ್ನಿಗೆ ಹೋದವರು ಆಮ್‌ಸ್ಟರ್‌ಡ್ಯಾಮಿಗೆ ಮರಳಿ ಬರುವಂತಿಲ್ಲ. ನಡುವಿನ ಲಂಡನ್ನನ್ನು ಕೈಬಿಟ್ಟರೆ ಅಥವಾ ಕೊನೆಗೆ ತಳ್ಳಿದರೆ ಈ ತೊಡಕು ತಾನಾಗಿ ಬಗೆಹರಿಯುತ್ತದೆ.

ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮೊದಲಾದರೂ ಹಾಕಿರಬೇಕು. ಬೇಸಿಗೆಯ ನೂಕುನುಗ್ಗಲಿನಲ್ಲಿ ಸಂದರ್ಶನದ ದಿನ ಸಿಗುವುದೇ ಕಷ್ಟವಾದ್ದರಿಂದ ಕೊನೆಯ ಗಡುವನ್ನು ನಂಬಿ ಕೂರಬಾರದು. ಹೆಚ್ಚು ದಿನ ಇರುವ ದೇಶಕ್ಕೆ ಅರ್ಜಿ ಸಲ್ಲಬೇಕು; ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಊರೂರು ಒಂದೆರಡು ದಿನ ಉಳಿಯುವ ಅಭಿಮಾನಿಗೆ ಈ ನಿಯಮ ಗೋಜಲಾಗಿ ಕಾಣುವುದು ಸಹಜ. ಇದಕ್ಕೆ ಸುಲಭದ ಉಪಾಯವೆಂದರೆ ಬಿಡುವಿನ ದಿನಗಳನ್ನೆಲ್ಲ ಒಂದೇ ದೇಶಕ್ಕೆ ಸೇರಿಸಿ, ಮುಖ್ಯ ದೇಶ ಯಾವುದೆಂಬ ಬಗ್ಗೆ ಯಾರಿಗೂ ಸಂಶಯ ಬಾರದಂತೆ ಮಾಡುವುದು. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ವಿಮೆ ಬೇಕು. ಪಾಸ್‌ಪೋರ್ಟು ಕಳೆದ ಹತ್ತು ವರ್ಷಗಳೊಳಗೆ ಕೊಟ್ಟದ್ದಾಗಿದ್ದು, ವಲಯದಿಂದ ಹೊರಡುವ ದಿನದ ನಂತರವೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಯಾವುದೇ 180 ದಿನಗಳಲ್ಲಿ 90 ದಿನಗಳಿಗಿಂತ ಹೆಚ್ಚು ಇರುವಂತಿಲ್ಲ; ಬಂದ ದಿನವೂ ಹೊರಟ ದಿನವೂ ಈ ಲೆಕ್ಕಕ್ಕೆ ಸೇರುತ್ತವೆ. ಪ್ರವಾಸದ ವಸಂತದ ಭಾಗಕ್ಕೂ ಬೇಸಿಗೆಯ ಭಾಗಕ್ಕೂ ಹೋಗುವವರು ಎರಡನ್ನೂ ಕೂಡಿಸಿ ಎಣಿಸಿಕೊಳ್ಳಬೇಕಾಗುತ್ತದೆ.

ಇಲ್ಲೊಂದು ಇಕ್ಕಟ್ಟಿದೆ. ದೊಡ್ಡ ಬ್ಯಾಂಡುಗಳ ಟಿಕೆಟ್ ಮಾರಾಟ ಕಾರ್ಯಕ್ರಮಕ್ಕೆ ಆರೇಳು ತಿಂಗಳು ಮೊದಲೇ, ಕೆಲವೊಮ್ಮೆ ಅದಕ್ಕೂ ಮುಂಚೆ ನಡೆದುಬಿಡುತ್ತದೆ. ವೀಸಾ ಕೈಗೆ ಬರುವುದು ಆಮೇಲೆ. ವೀಸಾ ನಿರಾಕರಣೆಯಾಯಿತೆಂದು ಟಿಕೆಟಿನ ಹಣವನ್ನು ಯಾರೂ ಮರಳಿಸುವುದಿಲ್ಲ. ಹೀಗಾಗಿ ಕೊಳ್ಳುವ ಮೊದಲೇ ಮಾರಾಟಗಾರರ ನಿಯಮಗಳಲ್ಲಿ ಒಂದು ಅಂಶವನ್ನು ಹುಡುಕಬೇಕು: ಬೇಡವಾದ ಟಿಕೆಟನ್ನು ಅವರ ತಾಣದಲ್ಲಿಯೇ ಮತ್ತೊಬ್ಬರಿಗೆ ಮಾರಲು ಅವಕಾಶವಿದೆಯೇ? ಇದ್ದರೆ ಧೈರ್ಯವಾಗಿ ಕೊಳ್ಳಬಹುದು. ಇಲ್ಲದಿದ್ದರೆ ಒಂದೆರಡನ್ನು ಮಾತ್ರ ಕೊಂಡು, ಉಳಿದದ್ದನ್ನು ವೀಸಾ ಬಂದ ಮೇಲೆ ಅಧಿಕೃತ ಮರುಮಾರಾಟದಲ್ಲಿ ಹುಡುಕುವುದು ಲೇಸು. ಕಾರ್ಯಕ್ರಮದ ಕೊನೆಯ ವಾರದಲ್ಲಿ ಅಲ್ಲಿಗೆ ಟಿಕೆಟುಗಳು ಮರಳಿ ಬರುವುದುಂಟು. ಅಭಿಮಾನಿ ಸಂಘದ ಸದಸ್ಯರಿಗೆ ಮೊದಲು ಮಾರುವ ಪದ್ಧತಿ ಹಲವು ಬ್ಯಾಂಡುಗಳಲ್ಲಿದೆ. ಒಂದಕ್ಕಿಂತ ಹೆಚ್ಚು ಕಾರ್ಯಕ್ರಮಕ್ಕೆ ಹೋಗುವವರಿಗೆ ಸದಸ್ಯತ್ವದ ಶುಲ್ಕ ದುಬಾರಿಯಾಗಲಾರದು.

ಮಾರಾಟ ಶುರುವಾಗುವುದು ಆಯಾ ಊರಿನ ಗಂಟೆಗೆ. ಬೇಸಿಗೆಗೆಂದು ಒಂದು ಗಂಟೆ ಮುಂದಿಟ್ಟ ಗಡಿಯಾರವನ್ನು ಯುರೋಪಿನಲ್ಲಿ ಹಿಂದಕ್ಕೆ ತಿರುಗಿಸುವುದು ಅಕ್ಟೋಬರಿನ ಕೊನೆಯ ಭಾನುವಾರ, ಅಮೆರಿಕದಲ್ಲಿ ನವೆಂಬರಿನ ಮೊದಲ ಭಾನುವಾರ. ಈ ಎರಡರ ನಡುವಿನ ದಿನಗಳಲ್ಲಿ ಯುರೋಪು ಮತ್ತು ಅಮೆರಿಕದ ಗಡಿಯಾರಗಳ ಎಂದಿನ ಅಂತರ ಒಂದು ಗಂಟೆ ತಪ್ಪುತ್ತದೆ. ಹೊಸ ಪ್ರವಾಸಗಳ ಟಿಕೆಟ್ ಮಾರಾಟವೂ ಆ ದಿನಗಳಲ್ಲಿಯೇ ಬಂದರೆ ಬಾಯಿಪಾಠದ ಲೆಕ್ಕ ಕೈಕೊಡುತ್ತದೆ. ಜಪಾನಿನಲ್ಲಿ ಪದ್ಧತಿಯೇ ಬೇರೆ. ಅಲ್ಲಿ ಜನಪ್ರಿಯ ಕಾರ್ಯಕ್ರಮಗಳ ಟಿಕೆಟ್ ಸಾಮಾನ್ಯವಾಗಿ ಲಾಟರಿಯ ಮೂಲಕ ಹಂಚಿಕೆಯಾಗುತ್ತದೆ. ಹಲವು ತಾಣಗಳು ಜಪಾನಿನದೇ ಫೋನ್ ಸಂಖ್ಯೆಯನ್ನು ಕೇಳುತ್ತವೆ. ಗೆದ್ದ ಟಿಕೆಟನ್ನು ಬೀದಿಬದಿಯ ಕನ್ವೀನಿಯನ್ಸ್ ಸ್ಟೋರಿನ ಯಂತ್ರದಿಂದ ಪಡೆಯುವ ಕ್ರಮವೂ ಇದೆ. 2019ರಲ್ಲಿ ಜಾರಿಗೆ ಬಂದ ಕಾನೂನು ಹೆಚ್ಚಿನ ಬೆಲೆಗೆ ಟಿಕೆಟ್ ಮರುಮಾರಾಟ ಮಾಡುವ ದಂಧೆಯನ್ನು ಅಲ್ಲಿ ಅಪರಾಧವನ್ನಾಗಿಸಿದೆ. ಆದ್ದರಿಂದ ವಿದೇಶಿಯರಿಗೆಂದೇ ತೆರೆದ ಅಧಿಕೃತ ಮಾರಾಟವಿದೆಯೇ ಎಂದು ಮೊದಲು ನೋಡಬೇಕು. ಟಿಕೆಟ್ ಯಾವ ದೇಶದ್ದೇ ಆಗಿರಲಿ, ಫೋನಿನಲ್ಲಿರುವ ಅದರ ಚಿತ್ರ ತೆಗೆದಿಟ್ಟುಕೊಂಡರೆ ಸಾಕೆಂದು ತಿಳಿಯಬಾರದು: ಈಗಿನ ಅನೇಕ ಟಿಕೆಟುಗಳಲ್ಲಿ ಬಾರ್‌ಕೋಡಿನ ಮೇಲೆ ಒಂದು ಗೆರೆ ಅತ್ತಿತ್ತ ಸರಿಯುತ್ತಿರುತ್ತದೆ, ಕೋಡು ಕೆಲವು ಕ್ಷಣಗಳಿಗೊಮ್ಮೆ ತಾನೇ ಬದಲಾಗುತ್ತದೆ, ನಿಶ್ಚಲ ಚಿತ್ರವನ್ನು ಬಾಗಿಲಿನ ಯಂತ್ರ ಒಪ್ಪುವುದಿಲ್ಲ. ಸಾವಿರಾರು ಜನ ಒಟ್ಟಿಗೆ ಫೋನು ಹಿಡಿದು ನಿಂತ ಬಾಗಿಲಲ್ಲಿ ಇಂಟರ್ನೆಟ್ ಸಿಗುವುದು ಅಪರೂಪವಾದ್ದರಿಂದ, ಕೋಣೆಯಿಂದ ಹೊರಡುವ ಮೊದಲೇ ಟಿಕೆಟನ್ನು ಫೋನಿನ ವಾಲೆಟಿಗೆ ಸೇರಿಸಿಕೊಂಡಿರಬೇಕು.

ಪಟ್ಟಿಯಲ್ಲಿ ಕಾಣುವ ಊರಿನ ಹೆಸರನ್ನು ನಂಬಿ ಕೋಣೆ ಕಾಯ್ದಿರಿಸುವುದು ಅಪಾಯ. ‘ಪ್ಯಾರಿಸ್’ ಎಂದು ಬರೆದಿರುವ ಲಾ ಡಿಫಾನ್ಸ್ ಅರೀನಾ ಇರುವುದು ನಾಂತೇರ್ ಎಂಬ ಪಕ್ಕದ ಊರಿನಲ್ಲಿ. ನ್ಯೂಯಾರ್ಕ್ ಕಾರ್ಯಕ್ರಮವೆಂದು ಸಾರುವ ಮೆಟ್‌ಲೈಫ್ ಸ್ಟೇಡಿಯಂ ನದಿಯಾಚೆಯ ನ್ಯೂಜೆರ್ಸಿ ರಾಜ್ಯದಲ್ಲಿದೆ. ಓ ಟೂ ಹೆಸರಿನ ಅರೀನಾ ಲಂಡನ್ನಿನಲ್ಲಿಯೂ ಇದೆ, ಪ್ರಾಗ್‌ನಲ್ಲಿಯೂ ಇದೆ. ಡೆನ್ವರ್ ಹತ್ತಿರದ ರೆಡ್ ರಾಕ್ಸ್ ಬಯಲು ರಂಗಮಂದಿರವಂತೂ ಸಮುದ್ರಮಟ್ಟದಿಂದ 6,400 ಅಡಿಗೂ ಹೆಚ್ಚು ಎತ್ತರದಲ್ಲಿದ್ದು, ಬಯಲುನಾಡಿನಿಂದ ಅದೇ ದಿನ ಬಂದಿಳಿದವರಿಗೆ ಮೆಟ್ಟಿಲು ಹತ್ತುವಾಗ ಉಸಿರು ಸಾಲದು. ನಕ್ಷೆಯಲ್ಲಿ ಮೊದಲು ಸಭಾಂಗಣವನ್ನು ಗುರುತಿಸಿ, ಅಲ್ಲಿಂದ ರಾತ್ರಿ ಹನ್ನೊಂದರ ನಂತರ ಯಾವ ರೈಲು ಅಥವಾ ಬಸ್ಸು ಎಲ್ಲಿಯವರೆಗೆ ಹೋಗುತ್ತದೆಂದು ನೋಡಿ, ಆ ಸಾಲಿನಲ್ಲಿಯೇ ಕೋಣೆ ಹುಡುಕುವುದು ಸರಿಯಾದ ಕ್ರಮ. ಟೋಕಿಯೊದಲ್ಲಿ ಮಧ್ಯರಾತ್ರಿಯ ಸುಮಾರಿಗೆ ನಿಂತ ರೈಲುಗಳು ಬೆಳಗಿನ ಐದರ ಹೊತ್ತಿಗೇ ಮತ್ತೆ ಹೊರಡುವುದು. ಕಾರ್ಯಕ್ರಮ ಘೋಷಣೆಯಾದ ಕೂಡಲೇ ಕೋಣೆಗಳ ಬಾಡಿಗೆ ಏರತೊಡಗುತ್ತದೆ. ಉಚಿತವಾಗಿ ರದ್ದುಮಾಡಬಹುದಾದ ಕೋಣೆಯನ್ನು ಟಿಕೆಟಿಗಿಂತ ಮೊದಲೇ ಹಿಡಿದಿಟ್ಟರೆ ನಷ್ಟವೇನಿಲ್ಲ.

ಊರಿಂದೂರಿಗೆ ಹೋಗುವಾಗ ಕಾರ್ಯಕ್ರಮದ ದಿನ ಗಡಿ ದಾಟಬಾರದು ಎಂಬ ಒಂದು ನಿಯಮವನ್ನಾದರೂ ಪಾಲಿಸಬೇಕು. ವಿಮಾನ ರದ್ದಾದರೆ ಸಂಸ್ಥೆಯವರು ಬೇರೆ ವಿಮಾನದಲ್ಲಿ ಕಳಿಸಿಯಾರು, ಪರಿಹಾರವನ್ನೂ ಕೊಟ್ಟಾರು. ತಪ್ಪಿಹೋದ ಸಂಜೆಯನ್ನು ಕೊಡಲಾರರು. ಹಿಂದಿನ ದಿನ ಮಧ್ಯಾಹ್ನವೇ ತಲುಪುವಂತಿದ್ದರೆ ತಪ್ಪಿದ ಸಂಪರ್ಕಕ್ಕೆ ಒಂದು ರಾತ್ರಿಯ ಅವಕಾಶ ಉಳಿದಿರುತ್ತದೆ. ಯುರೋಪಿನಲ್ಲಿ ರೈಲೇ ಮೇಲು, ಏಕೆಂದರೆ ನಿಲ್ದಾಣಗಳು ಊರ ನಡುವೆ ಇರುತ್ತವೆ. ಅಲ್ಲಿ ನೆಲೆಸದವರಿಗೆ ಹಲವು ದೇಶಗಳ ರೈಲುಗಳಲ್ಲಿ ಓಡಾಡಬಹುದಾದ ಯುರೇಲ್ ಪಾಸು ಸಿಗುತ್ತದೆ. ಆದರೆ ಫ್ರಾನ್ಸಿನ ವೇಗದ ರೈಲುಗಳು, ಯೂರೋಸ್ಟಾರ್ ಮತ್ತು ರಾತ್ರಿ ರೈಲುಗಳಲ್ಲಿ ಪಾಸಿನ ಜೊತೆಗೆ ಹಣ ಕೊಟ್ಟು ಆಸನ ಕಾಯ್ದಿರಿಸಲೇಬೇಕು. ಪಾಸಿನವರಿಗೆ ಮೀಸಲಾದ ಆಸನಗಳು ಕೆಲವೇ ಆಗಿರುವುದರಿಂದ ಅವು ಬೇಗ ಮುಗಿಯುತ್ತವೆ. ಮೂರ್ನಾಲ್ಕು ಪ್ರಯಾಣಗಳಷ್ಟೇ ಇರುವವರಿಗೆ ಮೊದಲೇ ಕೊಂಡ ಬಿಡಿ ಟಿಕೆಟುಗಳೇ ಅಗ್ಗವಾಗುವುದು ಹೆಚ್ಚು.

ಇನ್ನು ಸರದಿಯ ವಿಷಯ. ನಿಂತು ನೋಡುವ ಭಾಗದಲ್ಲಿ ವೇದಿಕೆಯ ಮುಂದಿನ ತಡೆಗಂಬಿ ಹಿಡಿಯಬೇಕೆನ್ನುವವರು ಬೆಳಗಿನಿಂದಲೇ, ಕೆಲವೆಡೆ ಹಿಂದಿನ ರಾತ್ರಿಯಿಂದಲೇ ಬಾಗಿಲ ಮುಂದೆ ಸೇರುತ್ತಾರೆ. ಅಂಥ ಕಡೆ ಅಭಿಮಾನಿಗಳೇ ಒಂದು ವ್ಯವಸ್ಥೆ ಮಾಡಿಕೊಂಡಿರುತ್ತಾರೆ: ಮೊದಲು ಬಂದವರು ಒಂದು ನೋಟುಪುಸ್ತಕ ಹಿಡಿದು, ಬಂದವರ ಮುಂಗೈ ಮೇಲೆ ಮಾರ್ಕರಿನಿಂದ ಸಂಖ್ಯೆ ಬರೆಯುತ್ತಾರೆ, ಗೊತ್ತಾದ ಹೊತ್ತಿಗೆ ಹಾಜರಿ ಕೂಗುತ್ತಾರೆ, ಆಗ ಇಲ್ಲದವರ ಸಂಖ್ಯೆಗೆ ಗೀಟು ಬೀಳುತ್ತದೆ. ಈ ವ್ಯವಸ್ಥೆಗೆ ಸಭಾಂಗಣದವರ ಮನ್ನಣೆ ಇರಲೇಬೇಕೆಂದಿಲ್ಲ. ಕಾವಲುಗಾರರು ಬಂದು ಸರದಿಯನ್ನು ಬೇರೆ ಬಾಗಿಲಿಗೆ ತಿರುಗಿಸಿದರೆ ಮುಂಗೈಯ ಸಂಖ್ಯೆಗೆ ಬೆಲೆಯಿಲ್ಲ. ಆದರೂ ಹೊಸ ಊರಿನಲ್ಲಿ ಆ ನೋಟುಪುಸ್ತಕದವರನ್ನು ಹುಡುಕಿ ಮಾತನಾಡಿಸುವುದು ಒಳ್ಳೆಯದು. ಯಾವ ಬಾಗಿಲು, ಶೌಚಾಲಯ ಎಲ್ಲಿ, ರಾತ್ರಿ ಯಾವ ದಾರಿಯಲ್ಲಿ ಹೋಗಬಾರದು ಎಂಬುದನ್ನು ಅವರಷ್ಟು ಚೆನ್ನಾಗಿ ಯಾವ ಮಾರ್ಗದರ್ಶಿಯೂ ಹೇಳಲಾರದು, ಮತ್ತು ಒಂಟಿಯಾಗಿ ಬಂದವರಿಗೆ ಜೊತೆ ಸಿಗುವುದೂ ಹೆಚ್ಚಾಗಿ ಅಲ್ಲಿಯೇ. ಎಲ್ಲ ಊರಿನಲ್ಲಿಯೂ ಕಂಬಿಗಾಗಿ ಕಾಯುವ ಹಟ ಮಾತ್ರ ಬೇಡ. ಒಂದು ಪ್ರಯಾಣದಲ್ಲಿ ಒಂದು ಸಲ ಸಾಕು.

ಚೀಲದ ನಿಯಮ ಸಭಾಂಗಣದಿಂದ ಸಭಾಂಗಣಕ್ಕೆ ಬೇರೆಯಾಗಿರುತ್ತದೆ. ಅಮೆರಿಕದ ದೊಡ್ಡ ಫುಟ್‌ಬಾಲ್ ಕ್ರೀಡಾಂಗಣಗಳಲ್ಲಿ 12×6×12 ಅಂಗುಲದೊಳಗಿನ ಪಾರದರ್ಶಕ ಚೀಲಕ್ಕೆ ಮತ್ತು ಅಂಗೈ ಅಗಲದ ಪುಟ್ಟ ಕೈಚೀಲಕ್ಕೆ ಮಾತ್ರ ಪ್ರವೇಶ; ಬೇರೆಡೆಯೂ ಬೆನ್ನುಚೀಲ ಹೊತ್ತು ಹೋದವರನ್ನು ವಾಪಸು ಕಳಿಸುವುದು ಸಾಮಾನ್ಯ. ಕಿವಿಗೆ ಇಯರ್‌ಪ್ಲಗ್ ಇರಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಸ್ಥಳಗಳಿಗೆ ಸೂಚಿಸಿದ ಮಿತಿ ಸರಾಸರಿ 100 ಡೆಸಿಬೆಲ್. ಒಂದು ರಾತ್ರಿಯ ಗುಂಯ್‌ಗುಡುವಿಕೆ ಇಳಿಯುವ ಮೊದಲೇ ಮತ್ತೊಂದು ರಾತ್ರಿಗೆ ಒಡ್ಡಿಕೊಳ್ಳುವವರಿಗೆ ಅಪಾಯ ಹೆಚ್ಚು. ಪವರ್ ಬ್ಯಾಂಕು ವಿಮಾನದಲ್ಲಿ ಕೈಚೀಲದಲ್ಲಿಯೇ ಇರಬೇಕು. ಕಾರ್ಡಿನ ಯಂತ್ರ ‘ನಿಮ್ಮ ದೇಶದ ಹಣದಲ್ಲಿ ಕೊಡುವಿರಾ’ ಎಂದು ಕೇಳಿದರೆ ಬೇಡವೆಂದು ಸ್ಥಳೀಯ ಹಣವನ್ನೇ ಆರಿಸಬೇಕು, ಇಲ್ಲದಿದ್ದರೆ ವಿನಿಮಯದ ದರದಲ್ಲಿ ಕೈ ಸುಡುತ್ತದೆ. ಯುರೋಪಿಯನ್ ಒಕ್ಕೂಟದ ಉದ್ದಕ್ಕೂ ತುರ್ತು ಕರೆಯ ಸಂಖ್ಯೆ 112.

ಕಾರ್ಯಕ್ರಮ ರದ್ದಾಗುವ ಸಾಧ್ಯತೆಯನ್ನು ಯೋಜನೆಯೊಳಗೇ ಇಟ್ಟುಕೊಂಡಿರಬೇಕು. ಗಾಯಕರ ಗಂಟಲು ಕೆಡುವುದು, ಬಿರುಗಾಳಿ, ಭದ್ರತೆಯ ಆತಂಕ, ಯಾವುದೂ ಕಾರಣವಾಗಬಹುದು. 2024ರ ಆಗಸ್ಟ್‌ನಲ್ಲಿ ದಾಳಿಯ ಸಂಚು ಬಯಲಾದ ಕಾರಣ ವಿಯೆನ್ನಾದಲ್ಲಿ ಟೇಲರ್ ಸ್ವಿಫ್ಟ್ ಅವರ ಮೂರೂ ಕಾರ್ಯಕ್ರಮಗಳು ರದ್ದಾದಾಗ ಹಲವು ದೇಶಗಳ ಅಭಿಮಾನಿಗಳು ಆಗಲೇ ಊರು ಸೇರಿದ್ದರು. ಟಿಕೆಟಿನ ಹಣ ಮರಳಿ ಬರುತ್ತದೆ, ರೈಲು ಮತ್ತು ಕೋಣೆಯ ಹಣವನ್ನು ಆಯೋಜಕರು ಕೊಡುವುದಿಲ್ಲ, ಸಾಮಾನ್ಯ ಪ್ರಯಾಣ ವಿಮೆಯೂ ಇದನ್ನು ಭರಿಸದಿರಬಹುದು. ಪಾಲಿಸಿ ಕೊಳ್ಳುವಾಗಲೇ ಕಾರ್ಯಕ್ರಮ ರದ್ದತಿಯ ಷರತ್ತು ಓದಿಕೊಳ್ಳಬೇಕು. ದಿನಾಂಕ ಮುಂದೂಡಿದಾಗ ತೊಡಕು ಇನ್ನೂ ಹೆಚ್ಚು, ಏಕೆಂದರೆ ಹಣ ವಾಪಸು ಕೇಳಲು ಗಡುವಿರುತ್ತದೆ ಮತ್ತು ಹೊಸ ದಿನಾಂಕ ವೀಸಾದ ಅವಧಿಯ ಹೊರಗೆ ಬೀಳಬಹುದು. ಟಿಕೆಟಿಗೆ ಕೊಟ್ಟ ಮಿಂಚಂಚೆಯ ವಿಳಾಸವನ್ನು ಪ್ರಯಾಣದಲ್ಲಿರುವಾಗ ದಿನವೂ ತೆರೆದು ನೋಡಬೇಕು. ರದ್ದತಿಯ ಸುದ್ದಿ, ಬಾಗಿಲು ತೆರೆಯುವ ಸಮಯದ ಬದಲಾವಣೆ, ಮರುಪಾವತಿಯ ಅರ್ಜಿ ಎಲ್ಲವೂ ಬರುವುದು ಅಲ್ಲಿಗೇ.